ಬಿಟ್ಟು ಬರುವ ಕೆಲಸದ ಋಣ

ಮನೆಯ ಮಗನಿಗೋ ಮಗಳಿಗೋ ಹೆಚ್ಚಿನ ಸಂಬಳದ ಹೊಸ ನೌಕರಿ ದೊರೆತಾಗ ಸಂತೋಷದ ಜೊತೆಗೆ ಒಂದು ಇಕ್ಕಟ್ಟೂ ತಲೆದೋರುವುದುಂಟು. ಹೊಸ ಸಂಸ್ಥೆಯವರು ಕೂಡಲೇ ಬನ್ನಿರಿ ಎನ್ನುತ್ತಾರೆ; ಹಳೆಯ ಸಂಸ್ಥೆಯ ನೇಮಕಾತಿ ಪತ್ರದಲ್ಲಿ ಒಂದರಿಂದ ಮೂರು ತಿಂಗಳ ನೋಟೀಸು ಕೊಡಬೇಕೆಂದಿರುತ್ತದೆ. "ರಾಜೀನಾಮೆ ಎಸೆದು ಬಂದುಬಿಡು, ಅವರೇನು ಮಾಡಿಯಾರು?" ಎಂದು ಹಿರಿಯರೇ ಹೇಳುವ ಮನೆಗಳಿವೆ. ಈ ಮಾತನ್ನು ಆಡುವ ಮೊದಲು ತುಸು ವಿಚಾರಿಸುವುದು ಉಚಿತ.

ಖಾಸಗಿ ನೌಕರಿಯಲ್ಲಿ ಒಲ್ಲದವನನ್ನು ಬಲವಂತದಿಂದ ದುಡಿಸುವ ಆದೇಶವನ್ನು ನ್ಯಾಯಾಲಯವು ಸಾಮಾನ್ಯವಾಗಿ ಕೊಡುವುದಿಲ್ಲ. ಆದರೆ ಒಪ್ಪಂದ ಮುರಿದವನು ಹೊಣೆಯಿಂದ ಪಾರಾಗನು. 1872ರ ಭಾರತ ಕರಾರು ಕಾಯಿದೆಯ 74ನೆಯ ಪ್ರಕರಣದಂತೆ, ಕರಾರಿನಲ್ಲಿ ನಮೂದಿಸಿದ ಮೊತ್ತವನ್ನು ಮೀರದಂತೆ ನ್ಯಾಯೋಚಿತ ಪರಿಹಾರವನ್ನು ಸಂಸ್ಥೆಯು ಕೇಳಬಹುದು. ಉಳಿದ ದಿನಗಳ ಸಂಬಳವನ್ನು ಹಿಡಿಯುವುದು ವಾಡಿಕೆ. ಬಿಡುಗಡೆ ಪತ್ರ ದೊರೆಯದಿದ್ದರೆ ಮುಂದಿನ ನೌಕರಿಗೂ ತೊಡಕು. ಸಂಸ್ಥೆಗೂ ಕಟ್ಟಳೆಯುಂಟು: 2019ರ ವೇತನ ಸಂಹಿತೆಯಂತೆ, ರಾಜೀನಾಮೆ ಕೊಟ್ಟವನಿಗೆ ಸಲ್ಲಬೇಕಾದ ವೇತನವನ್ನು ಎರಡು ಕೆಲಸದ ದಿನಗಳೊಳಗೆ ಸಲ್ಲಿಸಬೇಕು. ಭವಿಷ್ಯನಿಧಿಯ ಹಣ ದುಡಿದವನದೇ. ಸಿಟ್ಟಿನಿಂದ ಅದನ್ನು ತಡೆಯುವ ಅಧಿಕಾರ ಸಂಸ್ಥೆಗಿಲ್ಲ.

ಇದು ಹಣದ ಲೆಕ್ಕ. ಇದಕ್ಕಿಂತ ದೊಡ್ಡ ಲೆಕ್ಕ ಇನ್ನೊಂದಿದೆ. ನೋಟೀಸಿನ ದಿನಗಳು ಕೇವಲ ಯಜಮಾನನಿಗಾಗಿ ಇರುವವಲ್ಲ. ಎಸ್ಸೆಸ್ಸೆಲ್ಸಿ ಪರೀಕ್ಷೆಗೆ ತಿಂಗಳಿರುವಾಗ ಗಣಿತದ ಶಿಕ್ಷಕರು ಹೇಳದೆ ಹೋದರೆ ನಷ್ಟವಾಗುವುದು ಆಡಳಿತ ಮಂಡಳಿಗಲ್ಲ, ಮಕ್ಕಳಿಗೆ. ದಾದಿಯೊಬ್ಬಳು ಹಠಾತ್ತನೆ ಬಿಟ್ಟರೆ ಆ ರಾತ್ರಿಯ ಪಾಳಿ ಇನ್ನೊಬ್ಬ ದಾದಿಯ ಹೆಗಲಿಗೆ ಬೀಳುತ್ತದೆ.

ಕಲ್ಯಾಣದ ಆಯ್ದಕ್ಕಿ ಮಾರಯ್ಯನವರು ಒಂದು ದಿನ ಎಂದಿಗಿಂತ ಹೆಚ್ಚು ಅಕ್ಕಿ ತಂದಾಗ, ಲಕ್ಕಮ್ಮನವರು ಅದನ್ನು ಹಿಂದಿರುಗಿಸಿ ಬರಲು ಹೇಳಿದ ಕಥೆಯನ್ನು ನಾವೆಲ್ಲ ಬಲ್ಲೆವು. ತನಗೆ ಸಲ್ಲದ್ದನ್ನು ಮನೆಯೊಳಗೆ ಇರಿಸಿಕೊಳ್ಳದ ಆ ಎಚ್ಚರವೇ ಕಾಯಕದ ಶುದ್ಧಿ. ಕೊಟ್ಟ ಮಾತಿನ ದಿನಗಳನ್ನು ತೀರಿಸದೆ ಪಡೆದ ಹೊಸ ಸಂಬಳಕ್ಕೂ ಈ ಮಾತು ಅನ್ವಯಿಸುತ್ತದೆ.

ಹಾಗೆಂದು ಎಲ್ಲರಿಗೂ ಒಂದೇ ಕಟ್ಟು ಸಲ್ಲದು. ತಿಂಗಳುಗಟ್ಟಲೆ ಸಂಬಳ ಬಾರದಿದ್ದರೆ, ದೇಹ ಸೋತಿದ್ದರೆ, ಹೆಣ್ಣುಮಗಳ ಮಾನಕ್ಕೆ ಕುಂದು ಬರುವ ಸ್ಥಳವಾಗಿದ್ದರೆ, ಅಲ್ಲಿ ಇನ್ನೊಂದು ದಿನವೂ ಇರೆಂದು ಹೇಳುವುದು ಧರ್ಮವಲ್ಲ. ಅಂಥವರು ಕಾರಣವನ್ನು ಬರವಣಿಗೆಯಲ್ಲಿ ತಿಳಿಸಿ, ಪ್ರತಿಯೊಂದನ್ನು ಇರಿಸಿಕೊಂಡು ಹೊರಡಲಿ.

ಉಳಿದವರಿಗೆ ದಾರಿಗಳುಂಟು. ಅವಧಿಯನ್ನು ಕಡಿಮೆ ಮಾಡುವಂತೆ ಮೇಲಧಿಕಾರಿಯನ್ನು ವಿನಯದಿಂದ ಕೇಳಬಹುದು. ಉಳಿದ ರಜೆಯನ್ನು ಆ ದಿನಗಳಿಗೆ ಹೊಂದಿಸಿಕೊಳ್ಳಬಹುದು. ಕರಾರಿನಲ್ಲಿ ಅವಕಾಶವಿದ್ದರೆ ಹಣ ಕಟ್ಟಬಹುದು. ಹೊಸ ಸಂಸ್ಥೆಯವರೇ ಆ ಹಣವನ್ನು ಭರಿಸುವುದೂ ಉಂಟು. ಯಾವ ದಾರಿ ಹಿಡಿದರೂ ಅರ್ಧಕ್ಕೆ ನಿಂತ ಕೆಲಸಗಳ ಪಟ್ಟಿ, ಕಡತ, ಬೀಗದ ಕೈಗಳನ್ನು ಒಪ್ಪಿಸಿ ಸಹಿ ಪಡೆಯಬೇಕು.

ಮನೆಯ ಹಿರಿಯರು ಹೊಸ ಸಂಬಳವೆಷ್ಟೆಂದು ಕೇಳುವ ಮೊದಲು, "ಹಳೆಯ ಕೆಲಸವನ್ನು ಯಾರಿಗೆ ಒಪ್ಪಿಸಿ ಬಂದೆ, ಮಗು?" ಎಂದು ಕೇಳಲಿ.