ಅಧ್ಯಾಯ 6: ಗೇರು ಬೀಳದಿದ್ದಾಗ

ಲೈಸೆನ್ಸ್ ಕೈಗೆ ಬಂದು, ಸ್ವಂತ ಕಾರಿನಲ್ಲಿ ಕೂತ ಮೊದಲ ವಾರಗಳಲ್ಲಿ ಹೆಚ್ಚಿನವರ ದೂರು ಒಂದೇ: ‘ಗೇರು ಟೈಟ್ ಇದೆ, ಬೀಳೋದೇ ಇಲ್ಲ.’ ಹಿಂದಿನ ಗಾಡಿಯವರು ಹಾರ್ನ್ ಹೊಡೆಯುತ್ತಿದ್ದಂತೆ ಗಾಬರಿಯಾಗಿ ಲಿವರನ್ನು ಗಟ್ಟಿಯಾಗಿ ತಳ್ಳುತ್ತಾರೆ. ಒಳಗಿಂದ ಕರ್ರ್ ಎಂಬ ಸದ್ದು ಬರುತ್ತದೆ. ಗೇರು ತಡೆದು ನಿಂತರೆ ಸಾಮಾನ್ಯವಾಗಿ ಎರಡರಲ್ಲಿ ಒಂದು ಕಾರಣವಿರುತ್ತದೆ: ಒಳಗೆ ಸೇರಬೇಕಾದ ಭಾಗಗಳ ವೇಗ ಇನ್ನೂ ಒಂದಾಗಿಲ್ಲ, ಇಲ್ಲವೇ ಕ್ಲಚ್ಚು ಎಂಜಿನ್ನನ್ನು ಪೂರ್ತಿ ಬಿಟ್ಟುಕೊಟ್ಟಿಲ್ಲ. ಇವೆರಡನ್ನು ಬೇರೆಬೇರೆಯಾಗಿ ಗುರುತಿಸಲು ಬಂದರೆ ಮೆಕ್ಯಾನಿಕ್ ಬಳಿ ಹೋಗುವ ಅರ್ಧ ಪ್ರಸಂಗಗಳು ತಪ್ಪುತ್ತವೆ.

ಪೆಟ್ಟಿಗೆಯೊಳಗೆ ಏನಾಗುತ್ತದೆ?

ಲಿವರ್ ತಳ್ಳಿದಾಗ ಹಲ್ಲುಚಕ್ರಗಳೇ ಸರಿದು ಬಂದು ಒಂದಕ್ಕೊಂದು ಸೇರುತ್ತವೆ ಎಂದು ಹಲವರು ತಿಳಿದಿದ್ದಾರೆ. ಇಂದಿನ ಕಾರುಗಳಲ್ಲಿ ಹಾಗಾಗುವುದಿಲ್ಲ. ಮುಂದಕ್ಕೆ ಓಡಿಸುವ ಎಲ್ಲ ಗೇರುಗಳ ಚಕ್ರಗಳೂ ಜೋಡಿಜೋಡಿಯಾಗಿ ಸದಾ ಕಚ್ಚಿಕೊಂಡೇ ಇರುತ್ತವೆ. ಪ್ರತಿ ಜೋಡಿಯಲ್ಲಿ ಒಂದು ಚಕ್ರ ಮಾತ್ರ ಶಾಫ್ಟಿನ ಮೇಲೆ ಸಡಿಲವಾಗಿ ಸುತ್ತುತ್ತಿರುತ್ತದೆ. ಲಿವರ್ ತಳ್ಳಿದಾಗ ಸರಿಯುವುದು ಶಾಫ್ಟಿನ ಮೇಲಿರುವ ಒಂದು ಸ್ಲೀವ್. ಅದು ಬೇಕಾದ ಚಕ್ರದ ಪಕ್ಕದ ಸಣ್ಣ ಹಲ್ಲುಗಳೊಳಗೆ ಕೂತು ಚಕ್ರವನ್ನು ಶಾಫ್ಟಿಗೆ ಬಿಗಿಯುತ್ತದೆ.

ಸ್ಲೀವು ಮತ್ತು ಚಕ್ರ ಬೇರೆಬೇರೆ ವೇಗದಲ್ಲಿ ತಿರುಗುತ್ತಿದ್ದರೆ ಹಲ್ಲಿಗೆ ಹಲ್ಲು ಬಡಿಯುತ್ತದೆ. ಅದನ್ನು ತಡೆಯಲೆಂದೇ ಇವೆರಡರ ನಡುವೆ ಸಿಂಕ್ರೊ ರಿಂಗ್ ಇದೆ. ಹೆಚ್ಚಿನ ಕಾರುಗಳಲ್ಲಿ ಇದು ಹಿತ್ತಾಳೆಯದು. ಲಿವರಿನ ಒತ್ತಡ ಬಿದ್ದಾಗ ಅದು ಚಕ್ರದ ಇಳಿಜಾರು ಮೈಗೆ ಉಜ್ಜಿ ಎರಡರ ವೇಗವನ್ನೂ ಸಮ ಮಾಡುತ್ತದೆ. ಸಮವಾಗುವವರೆಗೆ ಸ್ಲೀವಿಗೆ ದಾರಿ ಬಿಡುವುದಿಲ್ಲ. ನಿಲ್ದಾಣ ಬಿಟ್ಟು ಹೊರಟ ಬಸ್ಸಿನ ಜೊತೆ ನಾಲ್ಕು ಹೆಜ್ಜೆ ಓಡಿ, ವೇಗ ಹೊಂದಿದ ಮೇಲೆ ಫುಟ್‌ಬೋರ್ಡಿಗೆ ಕಾಲಿಟ್ಟ ಹಾಗೆ ಇದು. ಅಂಗೈಗೆ ಒಂದು ಕ್ಷಣ ತಿಳಿಯುವ ತಡೆ ಈ ಹೊಂದಾಣಿಕೆಯದೇ.

ಇದರ ಕೆಲಸ ಎಷ್ಟು ದೊಡ್ಡದು ನೋಡಿ. ಒಂದು ಸಣ್ಣ ಕಾರಿನ ಮೊದಲ ಗೇರಿನ ಅನುಪಾತ 3.5, ಎರಡನೆಯದು 1.9 ಎಂದಿಟ್ಟುಕೊಳ್ಳಿ. ಎಂಜಿನ್ ನಿಮಿಷಕ್ಕೆ 3000 ಸುತ್ತು ತಿರುಗುತ್ತಿರುವಾಗ ಎರಡನೇ ಗೇರಿಗೆ ಹೋದರೆ, ಕ್ಲಚ್ಚಿನಿಂದ ಬರುವ ಶಾಫ್ಟು ಸುಮಾರು 1600ಕ್ಕೆ ಇಳಿಯಬೇಕು. ಇಷ್ಟನ್ನು ಆ ತೆಳು ಉಂಗುರ ಅರೆ ಸೆಕೆಂಡಿನೊಳಗೆ ಮಾಡಿ ಮುಗಿಸುತ್ತದೆ. ಲಿವರನ್ನು ರಪ್ಪನೆ ಎಳೆದರೆ ಅಷ್ಟೂ ಹೊತ್ತನ್ನು ನಾವು ಅದಕ್ಕೆ ಕೊಡುವುದಿಲ್ಲ.

1928ರ ಹೊತ್ತಿಗೆ ಅಮೆರಿಕದ ಕ್ಯಾಡಿಲಾಕ್ ಕಾರುಗಳಲ್ಲಿ ಈ ಏರ್ಪಾಡು ಬಂತು. ಅದಿಲ್ಲದ ಗಾಡಿಗಳಲ್ಲಿ ವೇಗ ಹೊಂದಿಸುವ ಹೊಣೆ ಚಾಲಕನದೇ. ಕ್ಲಚ್ ಒತ್ತಿ ನ್ಯೂಟ್ರಲ್‌ಗೆ ತಂದು, ಕ್ಲಚ್ ಬಿಟ್ಟು, ಮತ್ತೆ ಒತ್ತಿ ಗೇರು ಹಾಕಬೇಕು. ಕೆಳಗಿನ ಗೇರಿಗಾದರೆ ನಡುವೆ ಒಮ್ಮೆ ಆಕ್ಸಿಲರೇಟರ್ ಕೂಡ ಒತ್ತಬೇಕು. ಹಳೆಯ ಲಾರಿ ಚಾಲಕರು ‘ಡಬಲ್ ಕ್ಲಚ್’ ಎನ್ನುವುದು ಇದನ್ನೇ.

ಕಾರಿನ ತಪ್ಪಿಲ್ಲದಾಗ

ಮೊದಲು ಸೀಟು ನೋಡಿ. ಕ್ಲಚ್ ಪೆಡಲನ್ನು ತಳಮುಟ್ಟ ಒತ್ತಿದಾಗಲೂ ಎಡ ಮೊಣಕಾಲು ಸ್ವಲ್ಪ ಬಾಗಿಯೇ ಇರಬೇಕು. ಸೀಟು ಹಿಂದಿದ್ದರೆ ಪೆಡಲ್ ಮುಕ್ಕಾಲು ಪಾಲು ಮಾತ್ರ ಒತ್ತಿರುತ್ತೀರಿ, ಎಂಜಿನ್ನಿನ ಎಳೆತ ಉಳಿದೇ ಇರುತ್ತದೆ. ಫ್ಲೋರ್ ಮ್ಯಾಟ್ ಮುಂದಕ್ಕೆ ಜರುಗಿ ಪೆಡಲಿನಡಿ ಮಡಚಿಕೊಂಡರೂ ಇದೇ ಕಥೆ.

ಎರಡನೆಯದು, ಲಿವರ್ ಹಿಡಿಯುವ ರೀತಿ. ಎರಡರಿಂದ ಮೂರಕ್ಕೆ ಹೋಗುವಾಗ ಮುಷ್ಟಿ ಬಿಗಿಹಿಡಿದು ಓರೆಯಾಗಿ ತಳ್ಳಿದರೆ ಲಿವರ್ ಪಕ್ಕದ ದಾರಿಗೆ ತಾಗಿ ನಿಲ್ಲುತ್ತದೆ. ಐದು ಗೇರಿನ ಹೆಚ್ಚಿನ ಕಾರುಗಳಲ್ಲಿ ನ್ಯೂಟ್ರಲ್‌ಗೆ ತಂದು ಕೈ ಸಡಿಲಿಸಿದರೆ ಸ್ಪ್ರಿಂಗೇ ಲಿವರನ್ನು ಮೂರು–ನಾಲ್ಕರ ಸಾಲಿಗೆ ತರುತ್ತದೆ. ಆಮೇಲೆ ಅಂಗೈಯಿಂದ ನೇರ ಮುಂದಕ್ಕೆ ದೂಡಿದರೆ ಸಾಕು.

ಮೂರನೆಯದು, ಓಡುತ್ತಿರುವ ಕಾರನ್ನು ಮೊದಲ ಗೇರಿಗೆ ತರುವ ಅವಸರ. ಗಂಟೆಗೆ 30 ಕಿಲೋಮೀಟರ್ ವೇಗದಲ್ಲಿ ಸಣ್ಣ ಕಾರೊಂದು ಮೊದಲ ಗೇರಿಗೆ ಬೀಳಬೇಕಾದರೆ ಒಳಗಿನ ಶಾಫ್ಟು ನಿಮಿಷಕ್ಕೆ 4000 ಸುತ್ತಿನ ಆಸುಪಾಸಿಗೆ ಏರಬೇಕು. ಲಿವರ್ ತಡೆಯುವುದು ಸಹಜ. ಹಂಪ್ ಬಂದಾಗ ಎರಡನೇ ಗೇರು ಸಾಕು. ಕಾರು ನಿಂತೇ ಹೋಗುವಂತಿದ್ದರೆ ಮಾತ್ರ ಮೊದಲನೆಯದು. ಆಗುಂಬೆ, ಚಾರ್ಮಾಡಿಯಂಥ ಘಾಟಿಗಳಲ್ಲಿ ಇದು ಸುರಕ್ಷತೆಯ ಪ್ರಶ್ನೆಯೂ ಹೌದು. ವೇಗ ಏರಿದ ಮೇಲೆ ಕೆಳಗಿನ ಗೇರು ಹುಡುಕಲು ಹೋದರೆ ಲಿವರ್ ನ್ಯೂಟ್ರಲ್‌ನಲ್ಲೇ ಉಳಿದು ಎಂಜಿನ್ನಿನ ಹಿಡಿತ ತಪ್ಪಬಹುದು. ಬ್ರೇಕ್ ಒತ್ತಿ ವೇಗ ಇಳಿಸಿ, ಇಳಿಜಾರು ಶುರುವಾಗುವ ಮೊದಲೇ ಗೇರು ಇಳಿಸಿಕೊಳ್ಳಿ.

ಇನ್ನು ರಿವರ್ಸ್. ಎಷ್ಟೋ ಕಾರುಗಳಲ್ಲಿ ರಿವರ್ಸಿಗೆ ಸಿಂಕ್ರೊ ಇರುವುದಿಲ್ಲ. ಕಾರು ಪೂರ್ತಿ ನಿಂತ ಮೇಲೆ ಕ್ಲಚ್ ಒತ್ತಿ ಎರಡು ಮೂರು ಸೆಕೆಂಡು ಬಿಟ್ಟು ಹಾಕಿ. ಆಗಲೂ ಬೀಳದಿದ್ದರೆ ಹಲ್ಲಿನ ತುದಿಗೆ ತುದಿ ಎದುರಾಗಿ ನಿಂತಿದೆ ಎಂದರ್ಥ. ನ್ಯೂಟ್ರಲ್‌ಗೆ ಬಂದು ಕ್ಲಚ್ಚನ್ನು ಒಮ್ಮೆ ಬಿಟ್ಟು ಮತ್ತೆ ಒತ್ತಿ ಹಾಕಿದರೆ ಬೀಳುತ್ತದೆ.

ತಪ್ಪು ಕಾರಿನದಾದಾಗ

ಮನೆಯಂಗಳದಲ್ಲೇ ಮಾಡಬಹುದಾದ ಪರೀಕ್ಷೆ ಇದು. ಸಮತಟ್ಟು ಜಾಗದಲ್ಲಿ ಹ್ಯಾಂಡ್‌ಬ್ರೇಕ್ ಎಳೆದು, ಎಂಜಿನ್ ಆಫ್ ಇರುವಾಗ ಕ್ಲಚ್ ಒತ್ತಿ ಎಲ್ಲ ಗೇರುಗಳನ್ನೂ ಹಾಕಿ ನೋಡಿ. ಆಮೇಲೆ ನ್ಯೂಟ್ರಲ್‌ಗೆ ತಂದು ಎಂಜಿನ್ ಸ್ಟಾರ್ಟ್ ಮಾಡಿ, ಬ್ರೇಕ್ ಮತ್ತು ಕ್ಲಚ್ ಎರಡನ್ನೂ ಒತ್ತಿ ಹಿಡಿದು ಮತ್ತೆ ನೋಡಿ.

ಆಫ್ ಇದ್ದಾಗ ಸಲೀಸಾಗಿ ಬಿದ್ದು, ಆನ್ ಇದ್ದಾಗ ತಡೆದರೆ ಕ್ಲಚ್ಚಿನ ಮೇಲೆ ಸಂಶಯಪಡಿ. ಕೇಬಲ್ ಸಡಿಲವಾಗಿರಬಹುದು, ಹೈಡ್ರಾಲಿಕ್ ಕ್ಲಚ್ಚಾದರೆ ಫ್ಲೂಯಿಡ್ ಸೋರಿರಬಹುದು ಅಥವಾ ಗಾಳಿ ಸೇರಿರಬಹುದು. ಪೆಡಲನ್ನು ಎರಡು ಮೂರು ಸಲ ಪಂಪ್ ಮಾಡಿದಾಗ ಗೇರು ಸುಲಭವಾದರೆ ದೋಷ ಹೈಡ್ರಾಲಿಕ್ಕಿನಲ್ಲೇ ಇರುವ ಸಾಧ್ಯತೆ ಹೆಚ್ಚು. ಎಂಜಿನ್ ಆಫ್ ಇದ್ದಾಗಲೂ ಬಿಗಿಯಾಗಿದ್ದರೆ ಲಿವರಿನಿಂದ ಗೇರ್‌ಬಾಕ್ಸಿಗೆ ಹೋಗುವ ಕೇಬಲ್, ಕೀಲುಗಳನ್ನು ನೋಡಿಸಬೇಕು. ಆದರೆ ಗಾಡಿ ನಿಂತಿರುವಾಗ ಒಂದು ಗೇರು ಒಮ್ಮೊಮ್ಮೆ ತಡೆಯುವುದು ದೋಷವಲ್ಲ. ಓಡುವಾಗ ಒಂದೇ ಒಂದು ಗೇರು ಪ್ರತಿ ಸಲ ಕರ್ರ್ ಎಂದರೆ ಆ ಗೇರಿನ ಸಿಂಕ್ರೊ ಸವೆದಿರಬಹುದು.

ಚಳಿಗಾಲದ ಬೆಳಿಗ್ಗೆ ಮೊದಲ ಒಂದೆರಡು ಕಿಲೋಮೀಟರ್ ಬಿಗಿಯಿದ್ದು ಆಮೇಲೆ ಸಡಿಲವಾದರೆ ಚಿಂತೆ ಬೇಡ; ಗೇರ್ ಆಯಿಲ್ ತಣ್ಣಗಾಗಿ ಗಟ್ಟಿಯಾಗಿರುತ್ತದೆ. ಆಯಿಲ್ ಬದಲಿಸುವಾಗ ಮಾತ್ರ ಕಾರಿನ ಕೈಪಿಡಿಯಲ್ಲಿ ಹೇಳಿದ ದರ್ಜೆಯದನ್ನೇ ಹಾಕಿಸಿ. ಸಿಂಕ್ರೊ ರಿಂಗ್ ಕೆಲಸ ಮಾಡುವುದು ಉಜ್ಜಾಟದಿಂದ. ವಿಪರೀತ ಜಾರುವ ಎಣ್ಣೆ ಹಾಕಿದರೆ ಅದಕ್ಕೆ ಹಿಡಿತವೇ ಸಿಗುವುದಿಲ್ಲ.

ಎರಡು ಚಟಗಳನ್ನು ಈಗಲೇ ಬಿಡಿ. ಕ್ಲಚ್ ಪೆಡಲ್ ಮೇಲೆ ಕಾಲಿಟ್ಟುಕೊಂಡೇ ಓಡಿಸಿದರೆ ಕ್ಲಚ್ ಪ್ಲೇಟೂ ರಿಲೀಸ್ ಬೇರಿಂಗೂ ಬೇಗ ಸವೆಯುತ್ತವೆ. ಲಿವರ್ ಮೇಲೆ ಕೈ ಊರಿಕೊಂಡಿದ್ದರೆ ಆ ಭಾರ ಒಳಗಿನ ಸೆಲೆಕ್ಟರ್ ಫೋರ್ಕಿನ ಮೇಲೆ ಬೀಳುತ್ತದೆ. ಗೇರು ಹಾಕಿ ಮುಗಿದ ಕೂಡಲೇ ಕಾಲು ನೆಲಕ್ಕೆ, ಕೈ ಸ್ಟೀರಿಂಗಿಗೆ ಬರಲಿ. ಗೇರು ಬೀಳದಿದ್ದರೆ ಒಮ್ಮೆ ನ್ಯೂಟ್ರಲ್‌ಗೆ ಬಂದು, ಕ್ಲಚ್ ಪೂರ್ತಿ ಒತ್ತಿ ಮತ್ತೆ ಹಾಕಿ. ಹಿಂದಿನವರ ಹಾರ್ನಿಗೆ ಹೆದರಿ ಲಿವರ್ ಮೇಲೆ ಬಲ ಹಾಕಬೇಡಿ.