ಸೋರುವ ಕವಾಟ, ಸೋತ ಸ್ನಾಯು

‘ಹಾರ್ಟ್ ವೀಕ್ ಇದೆ, ವಾಲ್ವೂ ಲೀಕ್ ಆಗ್ತಿದೆ’ ಎಂದಾಗ ಮಗುವಿಗೆ ಎರಡು ಕಾಯಿಲೆ ಇರುವಂತೆ ಕೇಳಿಸುತ್ತದೆ. ಸ್ನಾಯು ಸೊರಗಿ ಹಿಗ್ಗಿದ ಹೃದಯದಲ್ಲಿ ಹೆಚ್ಚಿನ ಸಲ ಅದು ಒಂದೇ ಕಾಯಿಲೆ. ಎಡ ಹೃತ್ಕುಕ್ಷಿ ಉಬ್ಬಿದಂತೆ ಅದರ ಬಾಯಲ್ಲಿರುವ ಮೈಟ್ರಲ್ ಕವಾಟದ ಬಳೆ ಅಗಲವಾಗುತ್ತದೆ, ಎಸಳುಗಳನ್ನು ಹಿಡಿದ ತಂತುಗಳು ಅವನ್ನು ಕೆಳಕ್ಕೆ ಜಗ್ಗುತ್ತವೆ. ಚೌಕಟ್ಟು ವಾಲಿದ ಬಾಗಿಲಿನ ಹಾಗೆ, ಎಸಳು ನೆಟ್ಟಗಿದ್ದರೂ ಕೂಡಿಕೊಳ್ಳುವುದಿಲ್ಲ. ಹಿಂದಕ್ಕೆ ಸೋರಿದ ರಕ್ತ ಮುಂದಿನ ಬಡಿತಕ್ಕೆ ಮರಳಿ ಬಂದು ಕುಕ್ಷಿಯನ್ನು ಇನ್ನಷ್ಟು ಹಿಗ್ಗಿಸುತ್ತದೆ. ಔಷಧಿಗೆ ಬಗ್ಗದ ಮಕ್ಕಳಲ್ಲಿ ಈ ಸುಳಿಯನ್ನು ಕವಾಟದ ಕಡೆಯಿಂದಲೇ ಮುರಿಯಬೇಕು, ಅದೂ ಸಾಧ್ಯವಾದಷ್ಟು ರಿಪೇರಿಯಿಂದ ಎಂಬುದು ನನ್ನ ವಾದ.

ಸೋರಿಕೆಯೇ ಬಡ ಹೃದಯಕ್ಕೆ ಕುಕ್ಕರಿನ ಸೇಫ್ಟಿ ವಾಲ್ವ್ ಇದ್ದಂತೆ, ಮುಚ್ಚಿದರೆ ಸ್ನಾಯು ಕೈಚೆಲ್ಲುತ್ತದೆ ಎಂಬುದು ಹಳೆಯ ಆಕ್ಷೇಪ. ಕುಕ್ಕರಿನ ಹೋಲಿಕೆ ಚೆನ್ನಾಗಿದೆ, ಅದೇ ಅದರ ಅಪಾಯ. ಈ ಭಯ ಹುಟ್ಟಿದ್ದು ಬಹುಪಾಲು ಕವಾಟವನ್ನೇ ಕಿತ್ತು ಹೊಸದನ್ನು ಕೂರಿಸುತ್ತಿದ್ದ ದಿನಗಳಲ್ಲಿ. ಆಗ ಎಸಳಿನ ಜೊತೆ ತಂತುಗಳನ್ನೂ ಕತ್ತರಿಸುತ್ತಿದ್ದರು. ಕುಕ್ಷಿಯ ಆಕಾರವನ್ನು ಒಳಗಿನಿಂದ ಬಿಗಿದು ಹಿಡಿಯುವ ಹಗ್ಗಗಳೇ ಅವು. ತಂತುಗಳನ್ನು ಉಳಿಸಿಕೊಂಡೇ ಕವಾಟ ಬದಲಿಸಬಹುದೆಂದು ಅಮೆರಿಕದ ವಾಲ್ಟನ್ ಲಿಲ್ಲೆಹೈ ಬಳಗ 1964ರಲ್ಲೇ ಬರೆದಿತ್ತು. ಆ ಮಾತಿಗೆ ಬೆಲೆ ಬರಲು ಎಷ್ಟೋ ವರ್ಷ ಹಿಡಿಯಿತು. 1990ರ ದಶಕದಲ್ಲಿ ಮಿಷಿಗನ್‌ನ ಸ್ಟೀವನ್ ಬೋಲಿಂಗ್ ಸೊರಗಿದ ಹೃದಯದ ವಯಸ್ಕರಲ್ಲಿ ರಿಂಗ್ ಹಾಕಿ ಕವಾಟ ಬಿಗಿದರು, ಹೃದಯ ತಡೆದುಕೊಂಡಿತು. ಆಪರೇಷನ್ ಆದಮೇಲೆ ಎಜೆಕ್ಷನ್ ಫ್ರಾಕ್ಷನ್, ಅಂದರೆ ಪ್ರತಿ ಬಡಿತಕ್ಕೆ ಕುಕ್ಷಿ ಹೊರದೂಡುವ ರಕ್ತದ ಪಾಲು, ಇಳಿಯುವುದುಂಟು, ನಿಜ. ಆದರೆ ಮೊದಲಿನ ಅಂಕಿಯೇ ಉಬ್ಬಿದ್ದು: ಒತ್ತಡ ಕಡಿಮೆಯ ಹೃತ್ಕರ್ಣಕ್ಕೆ ಹಿಂದಕ್ಕೆ ಜಾರಿದ ರಕ್ತವನ್ನೂ ಅದು ದುಡಿಮೆಯ ಲೆಕ್ಕಕ್ಕೇ ಬರೆದುಕೊಳ್ಳುತ್ತದೆ.

ಕವಾಟ ಮುಟ್ಟಬಾರದ ಸಂದರ್ಭವೂ ಉಂಟು. ಎಡ ಕೊರೋನರಿ ನಾಳ ಮಹಾಪಧಮನಿಯ ಬದಲು ಶ್ವಾಸಕೋಶದ ಅಪಧಮನಿಯಿಂದ ಹೊರಟ ಕೂಸುಗಳಲ್ಲಿ ಸ್ನಾಯು ಹಸಿದು ಸೋರಿಕೆ ಶುರುವಾಗುತ್ತದೆ. ಬಾಸ್ಟನ್ನಿನ ಬ್ಲಾಂಡ್, ವೈಟ್, ಗಾರ್ಲೆಂಡ್ 1933ರಲ್ಲಿ ವಿವರಿಸಿದ್ದು ಇದನ್ನೇ. ನಾಳವನ್ನು ಸರಿಯಾದ ಜಾಗಕ್ಕೆ ಕೂಡಿಸಿದರೆ ಎಷ್ಟೋ ಮಕ್ಕಳಲ್ಲಿ ಸ್ನಾಯು ಚೇತರಿಸಿ ಸೋರಿಕೆ ತಾನಾಗಿ ತಗ್ಗುತ್ತದೆ. ಹಾಗಾಗಿ ಮೊದಲು ಹುಡುಕಬೇಕಾದದ್ದು ಆ ನಾಳವನ್ನು. ಅದು ಸರಿಯಿದ್ದೂ ಸ್ನಾಯು ಸೋತಿದ್ದರೆ ಕಾಯುತ್ತ ಕೂರಲು ಆಧಾರವಿಲ್ಲ. ಬದಲಿ ಕವಾಟವೋ, 2018ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಪಡೆದ ಅತಿ ಪುಟ್ಟ ಯಾಂತ್ರಿಕ ಕವಾಟದ ಅಳತೆ 15 ಮಿ.ಮೀ.; ಅದು ಮಗುವಿನೊಂದಿಗೆ ಬೆಳೆಯದು, ರಕ್ತ ತೆಳುವಾಗಿಸುವ ಮಾತ್ರೆ ಬಿಡುವಂತಿಲ್ಲ. ಪೂರ್ತಿ ರಿಂಗೂ ಬೆಳೆಯದು. ಆದ್ದರಿಂದಲೇ ಪುಟ್ಟ ಮಕ್ಕಳಲ್ಲಿ ಬಳೆಯ ಒಂದು ಭಾಗವನ್ನಷ್ಟೇ ಹೊಲಿದು ಬಿಗಿಯುವುದು. ಹೊಲಿಗೆ ಮುಂದೆ ಸಡಿಲಾಗಬಹುದು, ಮತ್ತೆ ಎದೆ ತೆರೆಯಬೇಕಾಗಬಹುದು. ಕೊನೆಗೆ ಹೃದಯ ಕಸಿಯೇ ಬೇಕಾದರೂ, ಹೊಂದುವ ಪುಟ್ಟ ಹೃದಯ ಸಿಗುವವರೆಗೆ ಅಷ್ಟು ತಿಂಗಳು ದಕ್ಕಿದರೂ ನಷ್ಟವೇನಲ್ಲ.