ತೋಟಕ್ಕೆ ತಕ್ಕ ಟಯರು

ಕೊಯ್ಲು ಮುಗಿದು ಕೈಗೆ ನಾಲ್ಕು ಕಾಸು ಬರುವ ಹೊತ್ತಿಗೆ ಸದಸ್ಯರು ಸಂಘದ ಕಚೇರಿಯಲ್ಲಿ ತಪ್ಪದೆ ಕೇಳುವ ಪ್ರಶ್ನೆಯೊಂದಿದೆ: "ಟ್ರ್ಯಾಕ್ಟರಿನ ಟಯರು ಸವೆದುಹೋಗಿದೆ ಸೆಕ್ರೆಟರಿಯವರೇ, ಯಾವುದು ಹಾಕಿಸೋದು ಒಳ್ಳೇದು?" ಯಾವ ಕಂಪನಿಯದು ಎಂಬುದೇ ಅವರ ಮನಸ್ಸಿನಲ್ಲಿರುತ್ತದೆ. ನಾವು ಮಾತ್ರ ಮೊದಲು ಬೇರೆಯೇ ಕೇಳುತ್ತೇವೆ: ನಿಮ್ಮ ಟ್ರ್ಯಾಕ್ಟರು ಹೆಚ್ಚು ಓಡುವುದು ಟಾರು ರಸ್ತೆಯ ಮೇಲೋ, ತೋಟದೊಳಗೋ? ಇದಕ್ಕೆ ಉತ್ತರ ಸಿಕ್ಕರೆ ಅರ್ಧ ಆಯ್ಕೆ ಮುಗಿದಂತೆ.

ಈ ಬುದ್ಧಿ ನಮಗೆ ಬಂದುದು ಪೆಟ್ಟು ತಿಂದ ಮೇಲೆ. ಕೆಲವು ವರ್ಷಗಳ ಹಿಂದೆ ನಮ್ಮ ಮಿನಿ ಟ್ರ್ಯಾಕ್ಟರಿಗೆ ಹೊಸ ಟಯರು ಹಾಕಿಸಿದೆವು. ಗಾಳಿ ಹೆಚ್ಚಿದ್ದಷ್ಟೂ ಟಯರು ಬಾಳಿಕೆ ಬರುತ್ತದೆಂಬ ಯಾರದೋ ಮಾತು ನಂಬಿ, ಹಿಂಚಕ್ರಗಳಿಗೆ 30 ಪೌಂಡು ಗಾಳಿ ತುಂಬಿಸಿ, ಮುಂಗಾರಿನ ಮೊದಲ ಮಳೆಗೆ ನೆಲ ಮೆತ್ತಗಾಗಿದ್ದಾಗಲೇ ಅಡಿಕೆ ತೋಟಕ್ಕೆ ಕೊಟ್ಟಿಗೆ ಗೊಬ್ಬರ ಸಾಗಿಸಿದೆವು. ಆಷಾಢದಲ್ಲಿ ನೋಡುತ್ತೇವೆ, ಚಕ್ರ ಹೋದ ದಾರಿಯುದ್ದಕ್ಕೂ ನೀರು ನಿಂತಿದೆ. ಬಸಿಗಾಲುವೆಗೆ ಇಳಿಯುತ್ತಲೇ ಇಲ್ಲ. ಗುದ್ದಲಿ ಹಾಕಿದರೆ ಮಣ್ಣು ಹಲಗೆಯಂತೆ ಗಟ್ಟಿ. ಆ ಸಾಲಿನ ಮರಗಳು ಹಳದಿಗೆ ತಿರುಗಿದವು. ಸರಿಪಡಿಸಲು ಎರಡು ವರ್ಷ ಹಿಡಿಯಿತು.

ಕಾರಣ ಸರಳವಾದುದು. ಮೊದಲು ಟ್ರ್ಯಾಕ್ಟರುಗಳಿಗೆ ಕಬ್ಬಿಣದ ಚಕ್ರವಿತ್ತು. 1932ರಲ್ಲಿ ಅಮೆರಿಕದ ಆಲಿಸ್-ಚಾಮರ್ಸ್ ಕಂಪನಿ ಗಾಳಿ ತುಂಬಿದ ಟಯರಿನ ಟ್ರ್ಯಾಕ್ಟರನ್ನು ರೈತರ ಮುಂದಿಟ್ಟಿತು. ಅಂದಿನಿಂದ ಭಾರ ಹೊರುವುದು ಮುಖ್ಯವಾಗಿ ಟಯರಿನೊಳಗಿನ ಗಾಳಿ. ಟಯರು ನೆಲವನ್ನು ಒತ್ತುವುದು ಹೆಚ್ಚು ಕಡಿಮೆ ಒಳಗಿನ ಗಾಳಿಯ ಒತ್ತಡದಷ್ಟೇ, ಅಥವಾ ಅದಕ್ಕಿಂತ ಕೊಂಚ ಹೆಚ್ಚು. ಗಾಳಿ ಹದವಾಗಿದ್ದರೆ ಟಯರು ಅಗಲವಾಗಿ ಕೂತು ಭಾರವನ್ನು ಹಂಚುತ್ತದೆ. ಅತಿಯಾದರೆ ಕಿರಿದಾಗಿ ಕೂತು ಮಣ್ಣನ್ನು ಅದುಮುತ್ತದೆ. ಕಾಫಿ ಗಿಡದ ಆಹಾರ ಹೀರುವ ಬೇರುಗಳು ಬಹುಪಾಲು ಮೇಲಿನ ಒಂದು ಅಡಿ ಮಣ್ಣಿನಲ್ಲಿವೆ. 9 ಅಡಿ ಅಂತರದ ಅಡಿಕೆ ಸಾಲಿನ ನಡುವೆ ಮಿನಿ ಟ್ರ್ಯಾಕ್ಟರು ಹೋದರೆ ಚಕ್ರಕ್ಕೂ ಬುಡಕ್ಕೂ ಮೂರು ಅಡಿ ಉಳಿಯುವುದೇ ಕಷ್ಟ. ನಾವು ತುಳಿಯುವುದು ಬೇರಿನ ಮೇಲೆಯೇ.

ಟಯರು ಕೊಳ್ಳುವಾಗ ಗಮನಿಸಬೇಕಾದ ಸಂಗತಿಗಳನ್ನು ಈಗ ನೋಡೋಣ.

ಅಳತೆ: ಟಯರಿನ ಪಕ್ಕದಲ್ಲಿ 13.6-28 ಎಂದಿದ್ದರೆ ಮೊದಲನೆಯದು ಅಗಲ, ಎರಡನೆಯದು ರಿಮ್ಮಿನ ವ್ಯಾಸ, ಎರಡೂ ಅಂಗುಲಗಳಲ್ಲಿ. ಪ್ಲೈ ಎಂಬುದು ಭಾರ ತಡೆಯುವ ಶಕ್ತಿಯ ಗುರುತು, ಒಳಗಿನ ಪದರಗಳ ಎಣಿಕೆಯಲ್ಲ. ಪ್ಲೈ ಹೆಚ್ಚಿದಷ್ಟೂ ಟಯರು ಬಿರುಸು. ಬರೀ ತೋಟದ ಕೆಲಸಕ್ಕೆ ಕೈಪಿಡಿಯಲ್ಲಿ ಹೇಳಿದ್ದಕ್ಕಿಂತ ಹೆಚ್ಚು ಪ್ಲೈ ಕೊಳ್ಳುವುದು ದುಡ್ಡಿಗೂ ದಂಡ, ಮಣ್ಣಿಗೂ ದಂಡ.

ಹಲ್ಲು: ಆರ್-1 ಎಂಬ ಗುರುತಿನದು ಸಾಮಾನ್ಯ ಬೇಸಾಯದ ಟಯರು, ನಮ್ಮ ತೋಟಗಳಿಗೆ ಇದೇ ಸಾಕು. ಆರ್-2ರ ಹಲ್ಲು ಬಹಳ ಆಳ. ಕೆಸರು ಗದ್ದೆಗೆ ತಕ್ಕದ್ದು. ಅದನ್ನು ಹಾಕಿಸಿಕೊಂಡು ದಿನವೂ ಟಾರು ರಸ್ತೆಯಲ್ಲಿ ಓಡಾಡಿದರೆ ಬೇಗ ಸವೆಯುವುದಲ್ಲದೆ ಮೈಯೆಲ್ಲ ಕುಲುಕುತ್ತದೆ. ಪಕ್ಕದ ಬಾಣದ ಗುರುತು ಚಕ್ರ ಮುಂದಕ್ಕೆ ಉರುಳುವ ದಿಕ್ಕಿಗಿರಬೇಕು. ತಿರುಗಾಮುರುಗಾ ಹಾಕಿದರೆ ಹಿಡಿತ ತಪ್ಪುತ್ತದೆ.

ನಾಲ್ಕು ಚಕ್ರಕ್ಕೂ ಶಕ್ತಿ ಹೋಗುವ ಟ್ರ್ಯಾಕ್ಟರು: ಇದರಲ್ಲಿ ಹಿಂದು ಮುಂದಿನ ಟಯರುಗಳ ಸುತ್ತಳತೆಗೆ ನಿಶ್ಚಿತ ಲೆಕ್ಕವಿದೆ. ಅಗ್ಗಕ್ಕೆ ಸಿಕ್ಕಿತೆಂದು ಮುಂದೆ ಮಾತ್ರ ಬೇರೆ ಅಳತೆಯದನ್ನು ಹಾಕಿದರೆ ಪೆಟ್ಟು ಬೀಳುವುದು ಗೇರಿನ ಭಾಗಗಳಿಗೆ. ಗಟ್ಟಿ ರಸ್ತೆಗೆ ಬಂದಾಗ ಮುಂಚಕ್ರದ ಶಕ್ತಿಯನ್ನು ಬಿಡಿಸುವುದೂ ಅವಶ್ಯ.

ವಯಸ್ಸು: ತಯಾರಿಕೆಯ ಕಾಲವನ್ನು ತೋರಿಸುವ ನಾಲ್ಕು ಅಂಕಿಗಳಿರುತ್ತವೆ. 2324 ಎಂದರೆ 2024ನೇ ಇಸವಿಯ 23ನೇ ವಾರ. ಅಂಗಡಿಯಲ್ಲಿ ವರ್ಷಗಟ್ಟಲೆ ಬಿದ್ದು ಪಕ್ಕದಲ್ಲಿ ಬಿರುಕು ಬಿಟ್ಟ ಟಯರನ್ನು ಹೊಸದೆಂದು ಕೊಳ್ಳಬಾರದು.

ಗಾಳಿ: ಹಿಂಚಕ್ರಕ್ಕೆ ತೋಟದ ಕೆಲಸದಲ್ಲಿ ಸಾಮಾನ್ಯವಾಗಿ 12ರಿಂದ 16 ಪೌಂಡು ಸಾಕು. ನಿಮ್ಮ ಗಾಡಿಯ ಕೈಪಿಡಿ ಹೇಳಿದ್ದೇ ಕೊನೆಯ ಮಾತು. ಅದಕ್ಕಿಂತ ಕಡಿಮೆ ಮಾಡಿದರೂ ಟಯರಿನ ಪಕ್ಕ ಮಡಿಚಿ ಹಾಳಾಗುತ್ತದೆ. ಲಾರಿ ಟಯರು ನೋಡುವ ಗೇಜಿನಲ್ಲಿ ಇಷ್ಟು ಕಡಿಮೆ ಗಾಳಿ ಸರಿಯಾಗಿ ಗೊತ್ತಾಗುವುದಿಲ್ಲ. ಸಣ್ಣ ಅಳತೆಯ ಗೇಜೊಂದನ್ನು ಇಟ್ಟುಕೊಳ್ಳುವುದು ಮೇಲು.

ಟ್ರೈಲರಿನ ಮಾತು ಬೇರೆ. ಕಾಫಿ ಮೂಟೆ ಹೊತ್ತು ರಸ್ತೆಯಲ್ಲಿ ಓಡುವ ಅದಕ್ಕೆ ಪ್ಲೈ ಹೆಚ್ಚಿನ ಟಯರೂ ಹೆಚ್ಚು ಗಾಳಿಯೂ ಬೇಕು. ಅದೇ ಟ್ರೈಲರನ್ನು ಒದ್ದೆ ತೋಟದೊಳಗೆ ಎಳೆದು ತರುವ ಬದಲು, ಗಟ್ಟಿ ದಾರಿಯಲ್ಲೇ ನಿಲ್ಲಿಸಿ ಮೂಟೆಗಳನ್ನು ಹೊತ್ತು ತಂದು ತುಂಬುವುದು ಲೇಸು. ಹಲ್ಲು ಸವೆದ ಟಯರಿನಲ್ಲಿ ಮಳೆಗಾಲದ ಇಳಿಜಾರು ಇಳಿಯುವಾಗ ಹಿಂದಿನ ಭಾರ ಟ್ರ್ಯಾಕ್ಟರನ್ನೇ ತಳ್ಳಿಕೊಂಡು ಹೋಗಬಲ್ಲದು. ಅಲ್ಲಿ ಪಣಕ್ಕಿರುವುದು ಚಾಲಕನ ಜೀವ; ಒಂದು ಮಳೆಗಾಲ ಹೇಗೋ ದೂಡೋಣ ಎಂಬ ಯೋಚನೆ ಯಾರಿಗೂ ಬೇಡ.

ಸವೆದ ಟಯರನ್ನು ಒಂದೇ ದಿನದಲ್ಲಿ ಬದಲಿಸಬಹುದು. ಅದುಮಿ ಗಟ್ಟಿಯಾದ ಮಣ್ಣು ಮತ್ತೆ ಹದಕ್ಕೆ ಬರಲು ವರ್ಷಗಳೇ ಬೇಕು. ಆದುದರಿಂದ ಸದಸ್ಯ ಬಂಧುಗಳು ಪೇಟೆಗೆ ಹೊರಡುವ ಮುನ್ನ ಹಳೆಯ ಟಯರಿನ ಮೇಲಿನ ಅಂಕಿಗಳನ್ನು ಬರೆದುಕೊಂಡು, ಕೈಪಿಡಿಯನ್ನೂ ಜೊತೆಗಿಟ್ಟುಕೊಂಡು, ಒಮ್ಮೆ ತೋಟವನ್ನು ಸುತ್ತಿ ಬರಬೇಕಾಗಿ ಕೋರುತ್ತೇವೆ.